ಮನೆ ರಿಪೇರಿಯ ಅಂದಾಜಿನಲ್ಲಿ ಆರೋಗ್ಯಕ್ಕೂ ಒಂದು ಪಾಲಿರಲಿ

ಮಳೆಗಾಲ ಮುಗಿದು ದೀಪಾವಳಿ ಕಳೆಯಿತೆಂದರೆ ಮಂಗಳೂರಿನಲ್ಲಿ ಮನೆ ರಿಪೇರಿಯ ಕಾಲ ಆರಂಭವಾಯಿತೆಂದೇ ಅರ್ಥ. ಬೋಳಾರ, ಜೆಪ್ಪು, ಮಣ್ಣಗುಡ್ಡೆ, ಬಿಜೈ, ಉರ್ವ, ಹೀಗೆ ಯಾವ ಕಡೆಗೆ ಹೋದರೂ ಹಂಚು ಇಳಿಸಿದ ಒಂದೆರಡು ಹಳೆಯ ಮನೆಗಳು ಕಾಣಸಿಗುತ್ತವೆ. ಗೇಟಿನ ಬದಿಯಲ್ಲಿ ಹೊಯಿಗೆಯ ರಾಶಿ, ಅಂಗಳದಲ್ಲಿ ಬಿಚ್ಚಿಟ್ಟ ಪಕ್ಕಾಸು ಮತ್ತು ರೀಪುಗಳು, ಒಳಗಿನಿಂದ ಕಲ್ಲು ಕೊಯ್ಯುವ ಯಂತ್ರದ ಸದ್ದು. ಏಪ್ರಿಲ್ ತಿಂಗಳಲ್ಲಿ ಮಗಳ ಮದುವೆಯಿರುತ್ತದೆ, ಇಲ್ಲವೇ ದುಬಾಯಿಯಲ್ಲಿರುವ ಮಗ ಮಕ್ಕಳ ರಜೆಗೆ ಬರುವವನಿರುತ್ತಾನೆ. ಅದಕ್ಕೆ ಮೊದಲು, ಮುಖ್ಯವಾಗಿ ಜೂನ್ ತಿಂಗಳ ಮಳೆಗೆ ಮೊದಲು, ಮನೆ ಸರಿಯಾಗಬೇಕು.

ಹಳೆಯ ಮನೆಯನ್ನು ಕೆಡವದೆ ದುರಸ್ತಿ ಮಾಡಿಕೊಳ್ಳುವುದು ಒಳ್ಳೆಯ ವಿಚಾರವೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಈ ಊರಿನಲ್ಲಿ ಬೆಳೆದುಬಂದ ಮುರಕಲ್ಲಿನ ಗೋಡೆ ಮತ್ತು ಹಂಚಿನ ಮಾಡು ನಮ್ಮ ಸೆಕೆಗೂ ಮಳೆಗೂ ಹೊಂದುವಂಥವು. ಗಾಳಿ ಬೆಳಕು ಚೆನ್ನಾಗಿರುವ ಅಂಥ ಮನೆ ಆರೋಗ್ಯಕ್ಕೆ ಹಿತಕರ. ಆದರೆ ಅದೇ ಮನೆ ರಿಪೇರಿಯ ಮೂರು ನಾಲ್ಕು ತಿಂಗಳುಗಳಲ್ಲಿ ಒಳಗೆ ವಾಸಿಸುವವರಿಗೆ ಎಷ್ಟು ಅಹಿತಕರವಾಗಬಲ್ಲದು ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಮೇಸ್ತ್ರಿ ಕೊಡುವ ಅಂದಾಜು ಪಟ್ಟಿಯನ್ನು ಒಮ್ಮೆ ನೋಡಿ. ಮರ, ಸಿಮೆಂಟು, ಬಣ್ಣ, ಕೂಲಿ ಎಲ್ಲವೂ ಅದರಲ್ಲಿರುತ್ತವೆ. ಕೆಲಸ ನಡೆಯುವಾಗ ಮನೆಯವರು ಎಲ್ಲಿರುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರುವುದಿಲ್ಲ. ‘ಒಂದು ಕೋಣೆಯಲ್ಲಿ ಹೇಗಾದರೂ ಸುಧಾರಿಸಿಕೊಂಡರಾಯಿತು, ಬಾಡಿಗೆಯ ಹಣ ಉಳಿಯುತ್ತದೆ’ ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನ ಮಾಡುವವರು ಸಾಮಾನ್ಯವಾಗಿ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರು, ಇಲ್ಲವೇ ಬೆಂಗಳೂರು, ಮುಂಬಯಿ, ಗಲ್ಫ್‌ಗಳಿಂದ ಫೋನಿನಲ್ಲಿ ಮಾತಾಡುವ ಮಕ್ಕಳು. ಇಪ್ಪತ್ತನಾಲ್ಕು ಗಂಟೆ ಆ ಧೂಳಿನಲ್ಲಿ ಉಸಿರಾಡುವವರು ಮಾತ್ರ ಎಪ್ಪತ್ತು ದಾಟಿದ ತಂದೆ ತಾಯಿ, ನೆಲದಲ್ಲಿ ಅಂಬೆಗಾಲಿಡುವ ಮಗು, ಹೆರಿಗೆಗೆಂದು ತವರಿಗೆ ಬಂದ ಮಗಳು. ಅವರ ಅಭಿಪ್ರಾಯ ಕೇಳಿದವರು ವಿರಳ. ಕೇಳಿದರೂ ‘ನನಗೇನೂ ತೊಂದರೆ ಇಲ್ಲ ಮಗಾ, ನೀನು ಕೆಲಸ ಮಾಡಿಸು’ ಎಂದೇ ಅಮ್ಮ ಹೇಳುತ್ತಾರೆ. ಆದುದರಿಂದ ಈ ವಿಷಯವನ್ನು ಅಂದಾಜು ಪಟ್ಟಿ ತಯಾರಾಗುವ ದಿನವೇ ಚರ್ಚಿಸಬೇಕೆಂಬುದು ನನ್ನ ಅಭಿಪ್ರಾಯ.

ಧೂಳು

ಕಣ್ಣಿಗೆ ಕಾಣುವ ಧೂಳು ಅಷ್ಟೊಂದು ಅಪಾಯಕಾರಿಯಲ್ಲ. ಅದನ್ನು ಮೂಗು ಮತ್ತು ಗಂಟಲು ತಡೆಯುತ್ತವೆ, ಸೀನಿನ ಮೂಲಕ ಹೊರಹಾಕುತ್ತವೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಸಣ್ಣದಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇಂಥ ಕಣಗಳು ಕೆಲಸ ನಿಂತ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಸಂಜೆ ಆಳುಗಳು ಹೋದ ನಂತರ ‘ಇನ್ನು ಧೂಳಿಲ್ಲ’ ಎಂದು ಒಳಗೆ ಬಂದು ಕುಳಿತುಕೊಳ್ಳುವುದು ತಪ್ಪು ಲೆಕ್ಕ.

‘ಹಿಂದಿನವರು ಮನೆಯೊಳಗಿದ್ದುಕೊಂಡೇ ರಿಪೇರಿ ಮಾಡಿಸುತ್ತಿರಲಿಲ್ಲವೇ?’ ಎಂದು ನೀವು ಕೇಳಬಹುದು. ಮಾಡಿಸುತ್ತಿದ್ದರು, ನಿಜ. ಆದರೆ ಆಗ ಕಲ್ಲನ್ನು ಉಳಿಯಿಂದ ಕೆತ್ತುತ್ತಿದ್ದರು, ಮರವನ್ನು ಕೈಗರಗಸದಲ್ಲಿ ಕೊಯ್ಯುತ್ತಿದ್ದರು. ಈಗ ವಿದ್ಯುತ್ ಕಟ್ಟರ್ ಒಂದು ಗ್ರಾನೈಟ್ ಹಾಸನ್ನೋ ವಿಟ್ರಿಫೈಡ್ ಟೈಲನ್ನೋ ಕ್ಷಣಾರ್ಧದಲ್ಲಿ ಕೊಯ್ದು ಮನೆಯಿಡೀ ಬಿಳಿ ಹೊಗೆಯಂತೆ ಹುಡಿ ಹಾರಿಸುತ್ತದೆ. ಆ ಹುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡುವ ಕೆಲಸಗಾರರಿಗೆ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಪೂರ್ಣ ಗುಣಪಡಿಸುವ ಚಿಕಿತ್ಸೆ ಇಲ್ಲ. ಕೆಲವು ವಾರಗಳ ಮಟ್ಟಿಗೆ ಧೂಳಿನಲ್ಲಿರುವ ಮನೆಯವರಿಗೆ ಸಿಲಿಕೋಸಿಸ್ ಬರುವ ಸಂಭವ ಕಡಿಮೆ. ಆದರೆ ಉಬ್ಬಸ ಇರುವವರಿಗೆ, ಬೀಡಿ ಸಿಗರೇಟಿನಿಂದ ಶ್ವಾಸಕೋಶ ಹಾಳಾದವರಿಗೆ, ಹೃದ್ರೋಗಿಗಳಿಗೆ ಆ ಕೆಲವು ವಾರಗಳೇ ಸಾಕು.

ಅಟ್ಟವನ್ನು ಖಾಲಿ ಮಾಡುವ ದಿನ ಇನ್ನಷ್ಟು ಎಚ್ಚರ ಬೇಕು. ಎಷ್ಟೋ ವರ್ಷಗಳಿಂದ ಮುಟ್ಟದ ಮುಚ್ಚಿಗೆಯ ಮೇಲೆ ಇಲಿಯ ಹಿಕ್ಕೆ, ಬಾವಲಿ ಮತ್ತು ಪಾರಿವಾಳಗಳ ಹಿಕ್ಕೆ, ಹಂಚು ಸೋರಿದಲ್ಲೆಲ್ಲ ಬೂಸಲು ಸೇರಿಕೊಂಡಿರುತ್ತದೆ. ಪಾರಿವಾಳದ ಹಿಕ್ಕೆಯ ಹುಡಿಯಿಂದ ಕೆಲವರಿಗೆ ಶ್ವಾಸಕೋಶದಲ್ಲಿ ತೀವ್ರ ಅಲರ್ಜಿ ಉಂಟಾಗುತ್ತದೆ. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು ಮನೆಯಲ್ಲಿದ್ದರೆ ಬೂಸಲಿನ ಕಣಗಳಿಂದ ಅವರ ಜೀವಕ್ಕೇ ಅಪಾಯವಿದೆ. ಇಂಥವರು ರಿಪೇರಿ ನಡೆಯುವ ಮನೆಯಲ್ಲಿ ಒಂದು ರಾತ್ರಿಯೂ ಇರಬಾರದು. ಇಲಿಗಳಿದ್ದಲ್ಲಿ ಇಲಿಜ್ವರದ ಭಯವೂ ಇದೆ. ಒದ್ದೆಯಾದ ಕಸವನ್ನು ಬರಿಗೈಯಲ್ಲಿ ಬಾಚುವುದು, ಕಾಲಿನಲ್ಲಿ ಗಾಯವಿರುವಾಗ ಕೊಳಚೆ ನೀರಿಗೆ ಇಳಿಯುವುದು ಬೇಡ. ಅಂಗಳದಲ್ಲಿ ಪೇರಿಸಿಟ್ಟ ಹಂಚಿನ ಸಂದಿಯಲ್ಲಿ ಹಾವು, ಚೇಳು ಸೇರಿಕೊಳ್ಳುವುದು ಊರಿನವರಿಗೆ ಹೊಸತಲ್ಲ. ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ.

ಹಳೆಯ ಬಣ್ಣದಲ್ಲಿರುವ ಸೀಸ

ಹಳೆಯ ಮನೆಯ ಬಾಗಿಲು, ಕಿಟಕಿ, ಜಗಲಿಯ ಸಲಾಕೆಗಳಿಗೆ ಕಾಲಕಾಲಕ್ಕೆ ಬಳಿದ ಎಣ್ಣೆ ಬಣ್ಣದ ಪದರಗಳಿರುತ್ತವೆ. ಕೆರೆದು ನೋಡಿದರೆ ಹಸಿರಿನ ಕೆಳಗೆ ಹಳದಿ, ಹಳದಿಯ ಕೆಳಗೆ ನೀಲಿ. ಹಿಂದೆ ಇಂಥ ಬಣ್ಣಗಳಲ್ಲಿ ಸೀಸ ಧಾರಾಳವಾಗಿ ಬೆರೆತಿರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದುದು 2017ರ ನವೆಂಬರ್ 1ರಿಂದ. ಅಂದರೆ ಅದಕ್ಕೆ ಮೊದಲು ಬಳಿದ ಎಣ್ಣೆ ಬಣ್ಣವನ್ನು ಸೀಸವಿರುವ ಬಣ್ಣವೆಂದೇ ಭಾವಿಸಿ ಎಚ್ಚರ ವಹಿಸುವುದು ಜಾಣತನ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದಶಕಗಳಿಂದ ದೇಶವನ್ನು ಎಚ್ಚರಿಸುತ್ತ ಬಂದವರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಆದರೆ ಗೋಡೆಯ, ಬಾಗಿಲಿನ ಸೀಸ ಇದ್ದಲ್ಲೇ ಉಳಿದಿದೆ.

ಸುಮ್ಮನಿದ್ದ ಬಣ್ಣದಿಂದ ಹೆಚ್ಚಿನ ತೊಂದರೆ ಇಲ್ಲ. ಪೈಂಟರ್ ಬಂದು ಸ್ಯಾಂಡ್ ಪೇಪರಿನಿಂದ ಒಣಗಿದ ಬಣ್ಣವನ್ನು ಉಜ್ಜಿದಾಗ, ಬೆಂಕಿಯ ಲ್ಯಾಂಪಿನಿಂದ ಸುಟ್ಟು ಕೆರೆದಾಗ ಸೀಸವು ಹುಡಿಯಾಗಿ, ಹೊಗೆಯಾಗಿ ಮನೆಯೊಳಗೆ ಹರಡುತ್ತದೆ. ನೆಲದ ಮೇಲೆ ಕುಳಿತ ಹುಡಿ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹವು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ರಕ್ತದಲ್ಲಿ ಸೀಸದ ಇಷ್ಟು ಪ್ರಮಾಣ ಸುರಕ್ಷಿತ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಬೆಳೆಯುವ ಮೆದುಳಿಗೆ ಆದ ಹಾನಿಯನ್ನು ಔಷಧದಿಂದ ಸರಿಪಡಿಸಲಾಗದು. ಗರ್ಭಿಣಿಯ ದೇಹ ಸೇರಿದ ಸೀಸ ಹೊಕ್ಕುಳಬಳ್ಳಿಯ ಮೂಲಕ ಶಿಶುವನ್ನೂ ತಲುಪುತ್ತದೆ. ಮಗಳು ಬಾಣಂತನಕ್ಕೆ ಬರುವಳೆಂದು ಮನೆಗೆ ಬಣ್ಣ ಕೆರೆಸಿ ಹೊಡೆಸುವ ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು. ಆ ಕೆಲಸ ಅವಳು ಬರುವ ತಿಂಗಳು ಮೊದಲೇ ಮುಗಿದು ಮನೆ ತೊಳೆದಾಗಿರಬೇಕು. ಇಲ್ಲವಾದರೆ ಮಗು ದೊಡ್ಡದಾಗುವವರೆಗೆ ಹಳೆಯ ಬಣ್ಣ ಹಾಗೆಯೇ ಇರಲಿ.

ಅಮೆರಿಕದಲ್ಲಿ 1978ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಬಣ್ಣ ಕೆರೆಯುವ ಗುತ್ತಿಗೆದಾರನು ಸೀಸದ ಬಗ್ಗೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕೆಂಬ ನಿಯಮ 2010ರಲ್ಲಿ ಜಾರಿಗೆ ಬಂತು. ನಮ್ಮ ಪೈಂಟರ್‌ಗೆ ಈ ವಿಷಯ ಹೇಳಿಕೊಟ್ಟವರು ಯಾರೂ ಇಲ್ಲ. ಆದುದರಿಂದ ಹೇಳಬೇಕಾದವರು ನೀವೇ. ಬಣ್ಣವನ್ನು ಒದ್ದೆ ಮಾಡಿಕೊಂಡು ಉಜ್ಜಲಿ, ಸುಡುವುದು ಬೇಡ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಲಿ. ಬಾಗಿಲನ್ನು ಕಳಚಿ ಹೊರಗೆ ಒಯ್ದು ಉಜ್ಜಿದರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ವಿಶೇಷವಾದುದು. ರಿಪೇರಿಯಲ್ಲಿ ತೆಗೆದ ಹಳೆಯ ಮರ ನೇರವಾಗಿ ಬಚ್ಚಲು ಮನೆಯ ಒಲೆಗೆ ಹೋಗುತ್ತದೆ. ಬಣ್ಣ ಬಳಿದ ಕಿಟಕಿಯ ಚೌಕಟ್ಟು, ಗೆದ್ದಲಿಗೆ ಮದ್ದು ಹಚ್ಚಿದ ಪಕ್ಕಾಸುಗಳನ್ನು ಉರಿಸಿದರೆ ಹೊಗೆಯಲ್ಲಿ ವಿಷ, ಬೂದಿಯಲ್ಲೂ ಸೀಸ. ಆ ಬೂದಿಯಿಂದ ಪಾತ್ರೆ ತಿಕ್ಕುವವರು, ಬಸಳೆಯ ಬುಡಕ್ಕೆ ಹಾಕುವವರು ಇದ್ದಾರೆ. ಬಣ್ಣವಿಲ್ಲದ, ಮದ್ದು ತಾಗದ ಮರ ಮಾತ್ರ ಒಲೆಗೆ ಇರಲಿ.

ಅಡುಗೆ ಕೋಣೆಯ ಬದಿಗೆ ಇಳಿಸಿದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವ ಸಂಭವ ಹೆಚ್ಚು. ಎಲ್ಲ ಬಗೆಯ ಆಸ್ಬೆಸ್ಟಾಸ್ ಕೂಡಾ ಕ್ಯಾನ್ಸರ್‌ಕಾರಕ ಎಂಬುದು ನಿರ್ವಿವಾದ. ಅದರ ಪರಿಣಾಮ ಕಾಣಿಸಿಕೊಳ್ಳಲು ದಶಕಗಳೇ ಬೇಕು. ಶೀಟನ್ನು ಒಡೆಯುವುದಾಗಲಿ, ಕಟ್ಟರಿನಲ್ಲಿ ಕೊಯ್ಯುವುದಾಗಲಿ ಬೇಡ. ನೀರು ಚಿಮುಕಿಸಿ, ಮೊಳೆ ಬಿಚ್ಚಿ, ಇಡಿಯಾಗಿ ಇಳಿಸಲು ಹೇಳಿ.

ನೀರು ಮತ್ತು ಸೊಳ್ಳೆ

ಮಂಗಳೂರಿನವರಿಗೆ ಮಲೇರಿಯಾದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. 1990ರ ನಂತರ ನಗರದಲ್ಲಿ ಕಟ್ಟಡ ಕೆಲಸ ಹೆಚ್ಚಿದಂತೆ ಈ ಜ್ವರವೂ ಮನೆಮನೆಗೆ ಬಂತು. ಬಹಳ ವರ್ಷ ರಾಜ್ಯದ ಒಟ್ಟು ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ನಮ್ಮದೇ ಆಗಿತ್ತು. 2015ರ ಅಕ್ಟೋಬರ್‌ನಿಂದ ಪ್ರತಿಯೊಂದು ಪ್ರಕರಣವನ್ನೂ ಟ್ಯಾಬ್ಲೆಟ್ ಯಂತ್ರದಲ್ಲಿ ದಾಖಲಿಸಿ, ರೋಗಿಯ ಮನೆಯ ಸುತ್ತ ಸೊಳ್ಳೆ ಹುಟ್ಟುವ ಜಾಗಗಳನ್ನು ಹುಡುಕುವ ವ್ಯವಸ್ಥೆ ನಗರದಲ್ಲಿ ಬಂದ ನಂತರದ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಆ ಇಳಿಕೆಯನ್ನು ಉಳಿಸಿಕೊಳ್ಳುವುದು ಪಾಲಿಕೆಯೊಂದರಿಂದ ಆಗುವ ಕೆಲಸವಲ್ಲ.

ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಗೆ ಬೇಕಾದುದು ಸ್ವಚ್ಛವಾದ, ನಿಂತ ನೀರು. ರಿಪೇರಿ ನಡೆಯುವ ಮನೆಯಲ್ಲಿ ಅದು ಹೇರಳ. ಸಿಮೆಂಟು ಕಲಸಲು ತುಂಬಿಟ್ಟ ಡ್ರಮ್ಮು, ಹೊಸ ತಾರಸಿಯ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳ ತೆಗೆದಿಟ್ಟ ಟ್ಯಾಂಕಿ, ಬಲೆ ಸರಿಸಿದ ಬಾವಿ, ಟರ್ಪಾಲಿನ ಮಡಿಕೆಯಲ್ಲಿ ನಿಂತ ನೀರು. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ತಾರಸಿಯನ್ನು ಒದ್ದೆಯಾಗಿಡಬೇಕಾದ ಅವಧಿಯೂ ಸುಮಾರು ಅಷ್ಟೇ. ವಾರಕ್ಕೊಂದು ದಿನ, ಭಾನುವಾರವೆಂದೇ ಇಟ್ಟುಕೊಳ್ಳಿ, ಎಲ್ಲ ಡ್ರಮ್ಮುಗಳನ್ನೂ ಬರಿದು ಮಾಡಿ, ಉಜ್ಜಿ, ಒಣಗಿಸಿ. ತಾರಸಿಯ ನೀರನ್ನು ಹರಿಯಬಿಟ್ಟು ಒದ್ದೆ ಗೋಣಿ ಹಾಸಿ. ಡೆಂಗಿ ಹರಡುವ ಸೊಳ್ಳೆಗೂ ಇದೇ ಮದ್ದು.

ಇದು ಹೊಸ ಉಪಾಯವೇನೂ ಅಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡರು. ಆ ನೀರನ್ನು ಚೆಲ್ಲಿಸಿದಾಗ ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಅವರು ಸಿಕಂದರಾಬಾದಿನಲ್ಲಿ ಕಂಡುದು ಅನಂತರ, 1897ರ ಆಗಸ್ಟ್ 20ರಂದು.

ಮಲೇರಿಯಾ ಬಂದೊಡನೆ ‘ಹೊರಗಿನ ಕೆಲಸಗಾರರು ತಂದರು’ ಎನ್ನುವವರನ್ನು ನೀವೂ ಕೇಳಿರಬಹುದು. ಈ ಮಾತು ನ್ಯಾಯವಲ್ಲ. ಉತ್ತರ ಕರ್ನಾಟಕದಿಂದಲೋ ಬಿಹಾರ, ಬಂಗಾಳಗಳಿಂದಲೋ ಬಂದು ನಿಮ್ಮ ಅರೆಬರೆ ಮನೆಯಲ್ಲೇ ರಾತ್ರಿ ಮಲಗುವ ಕೆಲಸಗಾರನಿಗೆ ಸೊಳ್ಳೆ ಪರದೆ ಇಲ್ಲ. ಅವನನ್ನು ಕಚ್ಚಿದ ಸೊಳ್ಳೆ ಹುಟ್ಟಿದ್ದು ನಿಮ್ಮ ಡ್ರಮ್ಮಿನಲ್ಲಿ. ಅವನಿಗೆ ಜ್ವರ ಬಂದರೆ ಕೂಲಿ ಕಡಿಯದೆ ರಕ್ತ ಪರೀಕ್ಷೆಗೆ ಕಳುಹಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಮಲೇರಿಯಾ ಪರೀಕ್ಷೆ ಮತ್ತು ಔಷಧ ಉಚಿತ. ಧೂಳಿನ ವಿಷಯದಲ್ಲೂ ಹಾಗೆಯೇ. ನಿಮ್ಮ ಮನೆಯ ಕೆಲಸ ಮೂರು ತಿಂಗಳಲ್ಲಿ ಮುಗಿಯುತ್ತದೆ, ಕಟ್ಟರ್ ಹಿಡಿದವನು ಮರುದಿನ ಇನ್ನೊಂದು ಮನೆಗೆ ಹೋಗುತ್ತಾನೆ. ನೀರು ಬಿಟ್ಟು ಕೊಯ್ಯುವಂತೆ ಹೇಳುವುದು, ಒಳ್ಳೆಯ ಎನ್-95 ಮಾಸ್ಕ್ ಕೊಡುವುದು, ಸಂಜೆ ಕೈಕಾಲು ತೊಳೆಯಲು ಜಾಗ ಮಾಡಿಕೊಡುವುದು ಮನೆ ಯಜಮಾನನ ಕರ್ತವ್ಯ. ಮೂಗಿಗೆ ಕಟ್ಟಿದ ಬೈರಾಸು ಸೂಕ್ಷ್ಮ ಹುಡಿಯನ್ನು ತಡೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೂರು ತಿಂಗಳಿಗೆ ಬೇರೆ ಮನೆ ಬಾಡಿಗೆಗೆ ಹಿಡಿಯುವುದು ಎಲ್ಲರಿಗೂ ಸಾಧ್ಯವಾಗದು. ಅದರ ಅಗತ್ಯವೂ ಎಲ್ಲರಿಗಿಲ್ಲ. ರಿಪೇರಿಯ ಎಲ್ಲ ದಿನಗಳೂ ಒಂದೇ ರೀತಿಯ ಅಪಾಯದ ದಿನಗಳಲ್ಲ. ಅಟ್ಟ ಮತ್ತು ಹಂಚು ಇಳಿಸುವುದು, ಗೋಡೆ ಒಡೆಯುವುದು, ಕಲ್ಲು ಮತ್ತು ಟೈಲು ಕೊಯ್ಯುವುದು, ಹಳೆಯ ಬಣ್ಣ ಮತ್ತು ಪುಟ್ಟಿ ಉಜ್ಜುವುದು, ಗೆದ್ದಲಿನ ಮದ್ದು ಹೊಡೆಯುವುದು, ಎಣ್ಣೆ ಬಣ್ಣ ಮತ್ತು ಪಾಲಿಷ್ ಹಚ್ಚುವುದು, ಇವು ಕೆಟ್ಟ ದಿನಗಳು. ‘ಎಷ್ಟು ಖರ್ಚಾಗುತ್ತದೆ, ಯಾವಾಗ ಮುಗಿಯುತ್ತದೆ’ ಎಂದು ಮೇಸ್ತ್ರಿಯನ್ನು ಕೇಳುವಾಗಲೇ ‘ಈ ಕೆಲಸಗಳು ಯಾವ ಯಾವ ದಿನ?’ ಎಂದೂ ಕೇಳಿ. ಅವುಗಳನ್ನು ಸಾಧ್ಯವಾದಷ್ಟು ಒಟ್ಟಿಗೆ ಇಟ್ಟುಕೊಳ್ಳಲು ಹೇಳಿ. ಆ ದಿನಗಳಿಗೆ ಹಿರಿಯರನ್ನು, ಮಕ್ಕಳನ್ನು, ಗರ್ಭಿಣಿಯರನ್ನು, ಉಬ್ಬಸ ಇರುವವರನ್ನು ಅಕ್ಕನ ಮನೆಗೋ ಅಣ್ಣನ ಮನೆಗೋ ಕಳುಹಿಸಿ. ಮದುವೆಗೆಂದು ಹದಿನೈದು ದಿನ ನೆಂಟರ ಮನೆಯಲ್ಲಿ ಉಳಿಯುವವರು ನಾವು. ಆರೋಗ್ಯಕ್ಕಾಗಿ ಉಳಿಯಲು ಸಂಕೋಚವೇಕೆ?

ಉಳಿದ ದಿನಗಳಲ್ಲಿ ಮನೆಯಲ್ಲೇ ಇರುವವರು ಒಂದು ಕೋಣೆಯನ್ನು ಪೂರ್ತಿಯಾಗಿ ತಮ್ಮದನ್ನಾಗಿ ಇಟ್ಟುಕೊಳ್ಳಬೇಕು. ಕೆಲಸ ನಡೆಯುವ ಕಡೆಗಿರುವ ಬಾಗಿಲನ್ನು ಮುಚ್ಚಿ, ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಹೊರಗಿನ ಗಾಳಿ ಬರುವ ಕಿಟಕಿ ತೆರೆದಿರಲಿ. ಆ ಕೋಣೆಗೆ ಕೆಲಸಗಾರರ ಸಾಮಾನು, ಸಿಮೆಂಟಿನ ಚೀಲ, ಥಿನ್ನರಿನ ಡಬ್ಬಿ ಬರಕೂಡದು. ಅಡುಗೆಯ ಪಾತ್ರೆ ಮತ್ತು ಕುಡಿಯುವ ನೀರು ಸದಾ ಮುಚ್ಚಿರಲಿ. ಹಿಡಿಸೂಡಿಯಿಂದ ಒಣ ಕಸ ಗುಡಿಸಿದರೆ ನೆಲದ ಹುಡಿ ಮತ್ತೆ ಗಾಳಿಗೆ ಏರುತ್ತದೆ. ನೀರು ಚಿಮುಕಿಸಿ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ತಾತ್ಕಾಲಿಕವಾಗಿ ಎಳೆದ ವಯರುಗಳನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸ್ವಿಚ್ ಹಾಕಿಸಿಕೊಳ್ಳಿ. ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಸಾಮಾನು ಇಡಬೇಡಿ, ಅಲ್ಲಿ ದೀಪ ಉರಿಯುತ್ತಿರಲಿ. ನಲ್ವತ್ತು ವರ್ಷಗಳಿಂದ ಕತ್ತಲಲ್ಲೂ ನಡೆದಾಡಿದ ಮನೆಯೆಂಬ ಧೈರ್ಯದಿಂದ ಅಗೆದ ನೆಲದಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜ ಅಜ್ಜಿಯರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಎಲ್ಲರೂ ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದೆಂದು ನೋಡಿಕೊಳ್ಳಿ. ಉಬ್ಬಸದವರು ವೈದ್ಯರು ಹೇಳಿದ ಇನ್‌ಹೇಲರನ್ನು ಈ ಅವಧಿಯಲ್ಲಿ ಒಂದು ದಿನವೂ ತಪ್ಪಿಸಬಾರದು.

ಚಳಿಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಇದ್ದರೆ ಜ್ವರ ಬಿಟ್ಟರೂ ಗುಳಿಗೆಯನ್ನು ಪೂರ್ತಿ ಮುಗಿಸಿ. ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಹಳದಿಯಾಗುವುದು ಕಂಡರೆ ಇಲಿಜ್ವರದ ಶಂಕೆಯಿಂದ ಕೂಡಲೇ ಆಸ್ಪತ್ರೆಗೆ ಹೋಗಿ. ಎರಡು ವಾರ ದಾಟಿದ ಕೆಮ್ಮನ್ನು ‘ಧೂಳಿನದ್ದು’ ಎಂದು ಬಿಡಬೇಡಿ, ಕ್ಷಯದ ಪರೀಕ್ಷೆಯೂ ಆಗಲಿ. ಮಗು ಮಂಕಾಗಿದ್ದು ಹೊಟ್ಟೆನೋವು, ಮಲಬದ್ಧತೆ ಎನ್ನುತ್ತಿದ್ದರೆ ಮನೆಯಲ್ಲಿ ಹಳೆಯ ಬಣ್ಣ ಕೆರೆದ ವಿಷಯವನ್ನು ವೈದ್ಯರಿಗೆ ತಿಳಿಸಿ. ಅವರು ಕೇಳುವವರೆಗೆ ಕಾಯಬೇಡಿ. ಮನೆಯಲ್ಲಿ ಕೆಲಸ ನಡೆಯುತ್ತಿದೆ ಎಂಬ ಒಂದು ಮಾತು ಅನೇಕ ಬಾರಿ ರೋಗ ಪತ್ತೆಯನ್ನು ಸುಲಭ ಮಾಡುತ್ತದೆ.

ಊರಿನಿಂದ ಹೊರಗಿರುವ ಮಕ್ಕಳಿಗೂ ಒಂದು ವಿನಂತಿ. ಹಳೆಯ ಮನೆಯನ್ನು ಸರಿಪಡಿಸಲು ಹಣ ಕಳುಹಿಸುವ ನಿಮ್ಮ ಪ್ರೀತಿ ದೊಡ್ಡದು. ಆ ಹಣದಲ್ಲಿ ತಂದೆ ತಾಯಿ ಕೆಲವು ವಾರ ಬೇರೆ ಕಡೆ ಇರುವ ಖರ್ಚನ್ನೂ ಸೇರಿಸಿ ಕಳುಹಿಸಿ. ಸಾಧ್ಯವಾದರೆ ಹಂಚು ಇಳಿಸುವ ದಿನವೇ ರಜೆ ಹಾಕಿ ಬನ್ನಿ. ನೆಲಕ್ಕೆ ಗ್ರಾನೈಟ್ ಹಾಕಿಸಬೇಕೇ, ಕಾವಿಯ ನೆಲವೇ ಸಾಕೇ ಎಂಬ ಚರ್ಚೆ ಅದರ ನಂತರವೂ ನಡೆಯಬಹುದು.